ಕೇಬಲ್ ಇನ್ಸುಲೇಶನ್ನಿಗೆ ಇ-ಬೀಮ್ ಕೊಡ್ಸೋ ಮುಂಚೆ ಏನೇನ್ ನೋಡ್ಕೋಬೇಕು

ಪ್ಲಾಸ್ಟಿಕ್ಕಿಗೆ ಇ-ಬೀಮ್, ಅಂದ್ರೆ ವೇಗದ ಎಲೆಕ್ಟ್ರಾನ್‌ಗಳ ರೇಡಿಯೇಶನ್, ಕೊಡ್ಸೋದು ಅಂದ ತಕ್ಷಣ ಎಲ್ರೂ ಕೇಳೋದು "ಎಷ್ಟು ಡೋಸ್ ಸಾರ್" ಅಂತ. ಅದು ಕೊನೇಲಿ ಕೇಳೋ ಪ್ರಶ್ನೆ ಕಣ್ರೀ. ಕಾಂಪೌಂಡ್, ಅಂದ್ರೆ ಇನ್ಸುಲೇಶನ್ನಿನ ಪ್ಲಾಸ್ಟಿಕ್ ಮಿಶ್ರಣ, ಯಾವ್ದು, ಇನ್ಸುಲೇಶನ್ ಎಷ್ಟು ದಪ್ಪ, ಯಾವ ಟೆಸ್ಟ್ ಪಾಸಾಗ್ಬೇಕು, ಇಷ್ಟು ಮೊದ್ಲು ಕೈಲಿರ್ಲಿ. ಸೋಲಾರ್ ಡಿಸಿ ಕೇಬಲ್ ಇಟ್ಕೊಂಡೇ ಹೇಳ್ತೀನಿ, ಪಾವಗಡದಂಥ ಬಿಸಿಲಲ್ಲಿ ಪ್ಯಾನೆಲ್ ಹಿಂದೆ ವರ್ಷಾನುಗಟ್ಲೆ ಬಿದ್ದಿರೋ ವೈರ್ ಅದು, ಕರಗೋ ಹಾಗೂ ಇಲ್ಲ ಬಿರುಕು ಬಿಡೋ ಹಾಗೂ ಇಲ್ಲ, ಅದಕ್ಕೇ ಈ ಕೆಲ್ಸ.

ಒಳಗೆ ಆಗೋದೇನಂದ್ರೆ, ವೇಗವಾಗಿ ಬರೋ ಎಲೆಕ್ಟ್ರಾನ್ ಪಾಲಿಥೀನಿನ ಉದ್ದನೆ ಅಣುಗಳ ಚೈನಿಂದ ಹೈಡ್ರೋಜನ್ ಕಿತ್ತಾಕುತ್ತೆ, ಅಲ್ಲಿ ರ್‍ಯಾಡಿಕಲ್, ಅಂದ್ರೆ ಜೋಡಿ ಹುಡುಕೋ ತುದಿ, ಉಳಿಯುತ್ತೆ, ಪಕ್ಕದ ಚೈನಲ್ಲೂ ಒಂದಿದ್ರೆ ಎರಡೂ ಕೂಡ್ಕೊಂಡುಬಿಡುತ್ವೆ. ಇದೇ ಕ್ರಾಸ್‌ಲಿಂಕ್. ಸಾದಾ ಪಾಲಿಥೀನ್ ಆದ ಎಲ್‌ಡಿಪಿಇ 110 ಡಿಗ್ರಿ ಆಸುಪಾಸಲ್ಲಿ ಕರಗಿ ಹರಿಯುತ್ತೆ, ಕ್ರಾಸ್‌ಲಿಂಕ್ ಆಗಿರೋದು ಅದೇ ಬಿಸೀಲಿ ರಬ್ಬರ್ ತರ ಮೆತ್ತಗಾಗುತ್ತೆ ಅಷ್ಟೇ, ಹರಿಯಲ್ಲ. ಇಂಗ್ಲೆಂಡಿನ ಅಣು ಸಂಶೋಧನಾ ಕೇಂದ್ರ ಹಾರ್ವೆಲ್‌ನಲ್ಲಿ ವಿಜ್ಞಾನಿ ಆರ್ಥರ್ ಚಾರ್ಲ್ಸ್‌ಬಿ 1950ರ ದಶಕದ ಶುರುವಲ್ಲೇ ಇದನ್ನ ತೋರ್ಸಿದ್ರು. ಕೇಬಲ್ ರೇಡಿಯೋಆಕ್ಟಿವ್ ಆಗುತ್ತಾ ಅಂತ ಕೇಳ್ತಾರೆ, ಆಗಲ್ಲ, ಕೇಬಲ್ಲಿಗೆ ಬಳಸೋ ಎನರ್ಜೀಲಿ ಆ ಭಯ ಇಲ್ಲ.

ಈಗ ಕಾಂಪೌಂಡ್. ಪಾಲಿಥೀನ್, ಇವಿಎ ಪ್ಲಾಸ್ಟಿಕ್, ಇಪಿಡಿಎಮ್ ರಬ್ಬರ್ ಚೆನ್ನಾಗಿ ಕೂಡ್ಕೊಳ್ತವೆ, ಪಿವಿಸಿಗೆ ಕೂಡಿಕೆಗೆ ನೆರವಾಗೋ ಸೆನ್ಸಿಟೈಸರ್ ಬೇಕೇಬೇಕು. ಪಾಲಿಪ್ರೊಪಿಲೀನ್, ಬ್ಯುಟೈಲ್ ರಬ್ಬರ್, ಟೆಫ್ಲಾನ್ ಅಂತ ಕರೆಯೋ ಪಿಟಿಎಫ್‌ಇ ಇವುಗಳಲ್ಲಿ ಚೈನ್ ಕೂಡೋದಕ್ಕಿಂತ ತುಂಡಾಗೋದೇ ಜಾಸ್ತಿ. ಪಿಟಿಎಫ್‌ಇ ಎಷ್ಟು ಪುಕ್ಕಲು ಅಂದ್ರೆ ಅದರ ಸ್ಕ್ರ್ಯಾಪಿಗೆ ಬೇಕಂತಲೇ ರೇಡಿಯೇಶನ್ ಕೊಟ್ಟು ಪುಡಿ ಮಾಡಿ ಮಾರ್ತಾರೆ. ಇನ್ನೊಂದು, ಆಂಟಿಆಕ್ಸಿಡೆಂಟ್ ಸುರಿದು ಹಾಕ್ಬೇಡಿ, ಅದರ ಕೆಲ್ಸಾನೇ ರ್‍ಯಾಡಿಕಲ್ ಹಿಡಿಯೋದು, ನೀವು ದುಡ್ಡು ಕೊಟ್ಟು ಹುಟ್ಸಿದ್ದನ್ನ ಅದು ನುಂಗಿಹಾಕುತ್ತೆ. ಟಿಎಐಸಿ ಅಥವಾ ಟಿಎಂಪಿಟಿಎ ಅನ್ನೋ ಕೂಡಿಕೆಗೆ ನೆರವಾಗೋ ರಾಸಾಯನಿಕ ಸ್ವಲ್ಪ ಸೇರ್ಸಿದ್ರೆ ಕಮ್ಮಿ ಡೋಸಲ್ಲೇ ಕೆಲ್ಸ ಆಗುತ್ತೆ. ಕಾಂಪೌಂಡ್ ಸಪ್ಲೈಯರ್ ಹತ್ರ ಇ-ಬೀಮ್ ಗ್ರೇಡೇ ಕೇಳಿ, ನೀರಿನ ತೇವದಿಂದ ಕೂಡೋ ಸೈಲೇನ್ ಗ್ರೇಡ್ ತಂದು ಇದಕ್ಕೂ ನಡಿಯುತ್ತೆ ಅಂದ್ರೆ ಒಪ್ಕೋಬೇಡಿ.

ದಪ್ಪಕ್ಕೆ ತಕ್ಕ ಎನರ್ಜಿ ಬೇಕು. 1 ಎಂಇವಿ (ಎಲೆಕ್ಟ್ರಾನಿನ ಎನರ್ಜಿ ಅಳತೆ) ಬೀಮ್ ಪ್ಲಾಸ್ಟಿಕ್ಕಲ್ಲಿ ಎರಡೂವರೆ ಮೂರು ಮಿಲಿಮೀಟರ್ ತನಕ ಸರಿಯಾಗಿ ಕೆಲ್ಸ ಮಾಡುತ್ತೆ. ಆದ್ರೆ ವೈರ್ ದುಂಡಗಿರೋದ್ರಿಂದ ಬದಿಗಳಲ್ಲಿ ಎಲೆಕ್ಟ್ರಾನ್ ಓರೆಯಾಗಿ ಜಾಸ್ತಿ ದೂರ ಹೋಗ್ಬೇಕು, ಮಧ್ಯದ ತಾಮ್ರ ಬೇರೆ ನೆರಳು ಬೀಳ್ಸುತ್ತೆ, ಅದಕ್ಕೇ ವೈರನ್ನ ಡ್ರಮ್ ಮೇಲೆ ಎಂಟರ ಆಕಾರದಲ್ಲಿ ಹಲವು ಸುತ್ತು ಓಡ್ಸಿ ಎರಡೂ ಮೈಗೆ ಬೀಮ್ ಬೀಳೋ ಹಾಗೆ ಮಾಡ್ತಾರೆ. ಎನರ್ಜಿ ಸಾಲದೆ ಎಲೆಕ್ಟ್ರಾನ್ ಇನ್ಸುಲೇಶನ್ ಮಧ್ಯದಲ್ಲೇ ನಿಂತ್ರೆ ಚಾರ್ಜ್ ಕೂಡ್ಕೊಂಡು ಒಳಗೊಳಗೇ ಡಿಸ್ಚಾರ್ಜ್ ಆಗಿ ತೂತು ಬೀಳುತ್ತೆ.

ಇನ್ನು ಡೋಸ್. ಪಾಲಿಥೀನಿಗೆ ಸಾಮಾನ್ಯವಾಗಿ 100 ರಿಂದ 200 ಕಿಲೋಗ್ರೇ (ಗ್ರೇ ಅನ್ನೋದು ಹೀರಿಕೊಂಡ ರೇಡಿಯೇಶನ್ ಅಳತೆ, ಕಿಲೋಗ್ರೇ ಅಂದ್ರೆ 1000 ಗ್ರೇ). ಅಮೆರಿಕಕ್ಕೆ ಹೋಗೋ ಮಾವಿನಹಣ್ಣಿಗೆ ಹುಳ ಸಾಯ್ಲಿ ಅಂತ ಕೊಡೋದು ಕನಿಷ್ಠ 400 ಗ್ರೇ, ಅಂದ್ರೆ ಇದು ಅದರ 250 ಪಟ್ಟಿನಿಂದ ಶುರು. 100 ಕಿಲೋಗ್ರೇ ಅಂದ್ರೆ ಕೆಜಿಗೆ 100 ಕಿಲೋಜೂಲ್, ಒಂದೇ ಸಲಕ್ಕೆ ಹಾಕಿದ್ರೆ ಪಾಲಿಥೀನಿನ ಬಿಸಿ ಇದ್ದದ್ದಕ್ಕಿಂತ 40 ಡಿಗ್ರಿಗೂ ಹೆಚ್ಚು ಏರುತ್ತೆ, ತಾಮ್ರದ ಬಿಸಿ ಬೇರೆ. ಕಿತ್ಕೊಂಡ ಹೈಡ್ರೋಜನ್ ಹೊರಗೆ ಹೋಗೋಕೆ ಟೈಮ್ ಸಿಗದೆ ಮೆತ್ತಗಾದ ಇನ್ಸುಲೇಶನ್ನಲ್ಲಿ ಗುಳ್ಳೆ ಏಳುತ್ತೆ. ಹಾಗಾಗಿ ಬೀಮ್ ಕೆಳಗೆ ಹಲವು ಸಲ ಓಡ್ಸೋದು, ಮಧ್ಯೆ ತಣ್ಣಗಾಗೋಕೆ ಅವಕಾಶ. ಜಾಸ್ತಿ ಡೋಸ್ ಕೊಟ್ರೆ ಇನ್ನೂ ಗಟ್ಟಿ ಅನ್ಕೋಬೇಡಿ, ಎಳೆದಾಗ ಹಿಗ್ಗೋ ಶಕ್ತಿ ಬಿದ್ದೋಗಿ ಬಗ್ಗಿಸಿದ ಕಡೆ ಸೀಳುತ್ತೆ.

ಸರಿಯಾಗಿದ್ಯಾ ಅಂತ ಹೇಳೋದು ಹಾಟ್ ಸೆಟ್ ಟೆಸ್ಟ್, ನಾನಂತೂ ಇದನ್ನೇ ಮೊದ್ಲು ನಂಬೋದು. ಇನ್ಸುಲೇಶನ್ನಿಂದ ಡಂಬೆಲ್ ಆಕಾರದ ತುಂಡು ಕಟ್ ಮಾಡಿ, ಮಧ್ಯೆ 20 ಮಿಲಿಮೀಟರ್ ಅಂತರದಲ್ಲಿ ಎರಡು ಗೆರೆ ಹಾಕಿ. ಅಗಲ 4, ದಪ್ಪ 1 ಮಿಲಿಮೀಟರ್ ಇದ್ರೆ ಅಡ್ಡಕೊಯ್ತ 4 ಚದರ ಮಿಲಿಮೀಟರ್, 0.2 ಎಂಪಿಎ ಎಳೆತಕ್ಕೆ ಕೆಳಗಿನ ಕ್ಲ್ಯಾಂಪೂ ಸೇರಿ ಸುಮಾರು 80 ಗ್ರಾಂ ತೂಕ. 200 ಡಿಗ್ರಿ ಓವನ್ನಲ್ಲಿ ತೂಗುಹಾಕಿ 15 ನಿಮಿಷ ಬಿಟ್ಟು, ಒಳಗಿರೋವಾಗ್ಲೇ ಗೆರೆ ಅಳೀಬೇಕು. ಮಾಮೂಲಿ ಕ್ರಾಸ್‌ಲಿಂಕ್ ಪಾಲಿಥೀನ್ ಹಿಗ್ಗೋಕೆ ಮಿತಿ ಶೇಕಡ 175, ಅಂದ್ರೆ 20 ಇದ್ದದ್ದು 55 ಮಿಲಿಮೀಟರ್ ದಾಟ್ಬಾರ್ದು. ತೂಕ ತೆಗೆದು 5 ನಿಮಿಷ ಒಳಗೇ ಬಿಟ್ಟು, ಆಮೇಲೆ ಹೊರಗೆ ತಣ್ಣಗಾದ್ಮೇಲೆ 23 ಒಳಗೆ ವಾಪಸ್ ಬಂದಿರ್ಬೇಕು. ಕ್ರಾಸ್‌ಲಿಂಕ್ ಆಗದೇ ಇರೋದು ಬಾಗ್ಲು ಹಾಕಿದ ಸ್ವಲ್ಪ ಹೊತ್ತಲ್ಲೇ ಕಿತ್ಕೊಂಡು ಕೆಳಗೆ ಬಿದ್ದಿರುತ್ತೆ.

ಪೂರ್ತಿ ಡ್ರಮ್ ಕಳ್ಸೋ ಮುಂಚೆ ತುಂಡು ವೈರಿಗೆ 80, 120, 160 ಕಿಲೋಗ್ರೇ ಅಂತ ಮೂರು ಡೋಸ್ ಕೊಡ್ಸಿ, ಮೂರಕ್ಕೂ ಹಾಟ್ ಸೆಟ್ ಮತ್ತೆ ಟೆನ್ಸೈಲ್ (ಎಳೆದು ನೋಡೋ) ಟೆಸ್ಟ್ ಮಾಡಿ, ಎರಡೂ ಪಾಸಾದ ಅತಿ ಕಮ್ಮಿ ಡೋಸ್ ಹಿಡ್ಕೊಂಡು ಮೇಲೆ ಸ್ವಲ್ಪ ಮಾರ್ಜಿನ್ ಇಡಿ. ಡೋಸ್ ಅಳೆಯೋ ಡೋಸಿಮೀಟರ್ ಫಿಲ್ಮ್ ರೀಡಿಂಗ್ ಬರವಣಿಗೇಲಿ ತಗೊಳ್ಳಿ. ಹತ್ರದಲ್ಲೇ ಕೋಬಾಲ್ಟ್ ಗಾಮಾ ಪ್ಲಾಂಟ್ ಇದೆ ಅಂತ ಅಲ್ಲಿಗೆ ಕೇಬಲ್ ಕಳ್ಸೋಕೆ ಹೋಗ್ಬೇಡಿ, ಇ-ಬೀಮ್ ಸೆಕೆಂಡುಗಳಲ್ಲಿ ಕೊಡೋ ಡೋಸಿಗೆ ಅಲ್ಲಿ ಗಂಟೆಗಟ್ಲೆ ಬೇಕು, ಅಷ್ಟೊತ್ತಿಗೆ ಗಾಳೀಲಿರೋ ಆಕ್ಸಿಜನ್ ಒಳಗೆ ಇಳಿದು ಮೇಲ್ಮೈ ಕೆಟ್ಟಿರುತ್ತೆ.