ಘಾಟಿಯ ಸುರಂಗ, ಗೂಡ್ಸ್ ರೈಲು: ಫೋಟೊ ತೆಗೆಯುವುದು ಹೇಗೆ?

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಘಾಟಿಯಲ್ಲಿ 57 ಸುರಂಗಗಳಿವೆ. ಪ್ರಯಾಣಿಕರ ರೈಲಿಗೆ ಟೈಮ್‌ಟೇಬಲ್ ಇದೆ, ಗೂಡ್ಸ್‌ಗೆ ಇಲ್ಲ. ಹಾಗಾಗಿ ಬುತ್ತಿ ಕಟ್ಟಿಕೊಂಡೇ ಹೊರಡಿ.

ಮೊದಲು ಜಾಗ. ಹಳಿ ಮೇಲೆ ನಡೆದು ಹೋಗುವ ಆಸೆ ಬಿಡಿ. 'ಗ್ರೀನ್ ರೂಟ್' ಚಾರಣ ಎಂದು ಹೆಸರಾಗಿದ್ದ ಆ ಹಾದಿಗೆ ಈಗ ನಿಷೇಧವಿದೆ. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅದು ಅಪರಾಧ, ಜೈಲೂ ಆಗಬಹುದು. ಹಳಿಯಿಂದ ದೂರದಲ್ಲಿ, ಸುರಂಗ ಕಾಣುವ ತೋಟದ ದಿಬ್ಬ ಹುಡುಕಿ, ಮಾಲೀಕರನ್ನು ಕೇಳಿ ನಿಲ್ಲಿ. 200 ಎಂಎಂ ಲೆನ್ಸ್ ಇದ್ದರೆ ಹತ್ತಿರ ಹೋಗುವ ಗೋಜೇ ಇಲ್ಲ. ತೋಟ ಸಿಗದಿದ್ದರೆ ಹಗಲಿನ ಯಶವಂತಪುರ–ಮಂಗಳೂರು ರೈಲು ಹತ್ತಿ. ಯಡಕುಮೇರಿಯಂಥ ನಿಲ್ದಾಣದಲ್ಲಿ ಕ್ರಾಸಿಂಗ್ ಬಿದ್ದರೆ, ಅಂದರೆ ಎದುರಿನ ರೈಲಿಗೆ ದಾರಿ ಬಿಡಲು ನಿಂತರೆ, ಪಕ್ಕದ ಹಳಿಯ ಗೂಡ್ಸ್ ಕಿಟಕಿಗೇ ಬರುತ್ತದೆ.

ಇನ್ನು ಬೆಳಕು. ಎಲ್ಲರೂ ಸೋಲುವುದು ಇಲ್ಲೇ. ಸುರಂಗದ ಬಾಯಿ ಕಪ್ಪು, ಸುತ್ತಲಿನ ಹಸಿರು ಹೊಳೆಯುತ್ತಿರುತ್ತದೆ. ಆಟೋ ಮೋಡ್‌ನಲ್ಲಿ ಬಿಟ್ಟರೆ ಕ್ಯಾಮೆರಾ ಆ ಕಪ್ಪನ್ನು ನೋಡಿ ಚಿತ್ರವನ್ನೆಲ್ಲ ಬಿಳಿಚಿಸಿಬಿಡುತ್ತದೆ. ಬಿಸಿಲು ಬಿದ್ದ ಎಲೆಗಳ ಬೆಳಕನ್ನು ಕ್ಯಾಮೆರಾದಲ್ಲಿ ಅಳೆದು, ಆ ಅಳತೆಯನ್ನೇ ಮ್ಯಾನ್ಯುಯಲ್ ಮೋಡ್‌ನಲ್ಲಿ ಲಾಕ್ ಮಾಡಿ. ಕಪ್ಪು ಕಪ್ಪಾಗಿಯೇ ಇರಲಿ, ಚಂದವಿರುವುದೇ ಅದರಲ್ಲಿ. ಮೋಡ ಕವಿದ ದಿನವಾದರೆ ಇನ್ನೂ ಸುಲಭ. ಫೋಕಸ್ ಸುರಂಗದ ಕಲ್ಲಿನ ಅಂಚಿಗೆ ಮೊದಲೇ ಕಟ್ಟಿಡಿ. ಇಲ್ಲದಿದ್ದರೆ ಎಂಜಿನ್ನಿನ ಹೆಡ್‌ಲೈಟ್ ನೋಡಿ ಆಟೋಫೋಕಸ್ ತಡಕಾಡುತ್ತದೆ. ಘಾಟಿಯಲ್ಲಿ ವೇಗ ಗಂಟೆಗೆ 30 ಕಿ.ಮೀ. ಆಸುಪಾಸು. ಶಟರ್ 1/500 ಸೆಕೆಂಡ್ ಸಾಕು.

ಈಗ ಕಿವಿ ಕೊಡಿ. ಇಳಿಯುವ ರೈಲು ಬ್ರೇಕಿನ ಕೀರಲು ಸದ್ದು ಮಾಡುತ್ತದೆ. ಏರುವ ರೈಲಿನ ಗುಡುಗು ಬಹಳ ಮೊದಲೇ ಕೇಳುತ್ತದೆ. ನಾನು ಕಾಯುವುದು ಏರುವುದಕ್ಕೆ. ಇಲ್ಲಿನ ಏರು ಐವತ್ತಕ್ಕೆ ಒಂದು, ಅಂದರೆ 50 ಮೀಟರ್ ಹೋದರೆ ಒಂದು ಮೀಟರ್ ಮೇಲಕ್ಕೆ. ಭಾರದ ಗೂಡ್ಸ್‌ಗೆ ಮುಂದಿನ ಎಂಜಿನ್ ಸಾಲದು. ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್‌ಗಳು ಇರುತ್ತವೆ. ಮೂತಿ ಹೊರಬರುವ ಮೊದಲು ಹೆಡ್‌ಲೈಟ್ ಸುರಂಗದ ಒದ್ದೆ ಗೋಡೆ ಮೇಲೆ ಸರಿಯುತ್ತದೆ ನೋಡಿ, ಆಗ ಒಂದು ಕ್ಲಿಕ್. ಮೂತಿ ಬಿಸಿಲಿಗೆ ಬಂದಾಗ ಇನ್ನೊಂದು. ಆಮೇಲೆ ಸುಮ್ನೆ ಕ್ಯಾಮೆರಾ ಇಳಿಸಬೇಡಿ! ವ್ಯಾಗನ್‌ಗಳೆಲ್ಲ ದಾಟಿದ ಮೇಲೆ ಬ್ಯಾಂಕರ್‌ಗಳು ಮೈಯೆಲ್ಲ ನಡುಗಿಸುತ್ತಾ ಬರುತ್ತವೆ. ನನ್ನ ಪ್ರಕಾರ ಅಸಲಿ ಫೋಟೊ ಅದೇ.

ಮಳೆಗಾಲದ ಮಂಜು ಚಂದ, ಅಲ್ವಾ? ಆದರೆ ಗುಡ್ಡ ಜಾರಿ ಹಳಿ ಬಂದ್ ಆಗುವುದೂ ಆಗಲೇ. 2024ರ ಜುಲೈನಲ್ಲಿ ಯಡಕುಮೇರಿ–ಕಡಗರವಳ್ಳಿ ನಡುವೆ ಹೀಗೇ ಆಗಿ ರೈಲುಗಳು ನಿಂತಿದ್ದವು. ಹೊರಡುವ ಮುನ್ನ ವಿಚಾರಿಸಿ. ಉಂಬಳದ (ಜಿಗಣೆ) ಕಾಟಕ್ಕೆ ಕಾಲಿಗೆ ಹೊಗೆಸೊಪ್ಪು-ಸುಣ್ಣ ಹಚ್ಚಿ, ಆ ಕೈಯನ್ನು ಒರೆಸಿಕೊಂಡೇ ಲೆನ್ಸ್ ಮುಟ್ಟಿ.