ಫಿಕ್ಸಿ ತಗೊಳ್ಳೋ ಮುಂಚೆ ಹಿಂದಿನ ಚಕ್ರ ನೋಡಿ

ಮಕ್ಕಳ ಮೂರು ಗಾಲಿ ಸೈಕಲ್ ನೆನಪಿದೆ ಅಲ್ವಾ? ಗಾಲಿ ತಿರುಗುತ್ತಿದ್ದರೆ ಪೆಡಲ್ಲೂ ತಿರುಗುತ್ತಲೇ ಇರುತ್ತದೆ. ಕಾಲು ಎತ್ತಿಕೊಂಡು ಇಳಿಜಾರಲ್ಲಿ ಬಿಟ್ಟರೆ ಪೆಡಲ್ಲು ಗಿರಗಿರ ಸುತ್ತಿ ಮೀನಖಂಡಕ್ಕೆ ಬಡಿಯುತ್ತದೆ. ಫಿಕ್ಸೆಡ್ ಗೇರ್ ಸೈಕಲ್, ಅಂದರೆ ಫಿಕ್ಸಿಯೂ ಅದೇ ಜಾತಿ. ಕಾಲು ನಿಂತರೂ ಚಕ್ರ ತಿರುಗಲು ಬಿಡುವ ಫ್ರೀವೀಲ್ ಹಿಂದಿನ ಚಕ್ರದಲ್ಲಿ ಇರುವುದಿಲ್ಲ, ಟಿಕ್ ಟಿಕ್ ಸದ್ದೂ ಇಲ್ಲ. ಸೈಕಲ್ ಓಡುವಷ್ಟು ಹೊತ್ತು ನಿಮ್ಮ ಕಾಲೂ ಓಡಬೇಕು, ಕಾಲು ನಿಧಾನ ಮಾಡಿದರೆ ಸೈಕಲ್ಲೂ ನಿಧಾನ. ವಿಜಯಪುರ, ಜಮಖಂಡಿ ಕಡೆಯ ರೇಸಿನ ಹುಡುಗರಿಗೆ ಇದು ಹೊಸದೇನಲ್ಲ, ಟ್ರ್ಯಾಕ್ ಸೈಕಲ್ ಅಂದರೆ ಇದೇ. ಬೆಂಗಳೂರಲ್ಲಿ ದಿನಾ ಆಫೀಸಿಗೆ ಓಡಿಸುತ್ತೇನೆ ಅನ್ನುವವರಿಗೆ ಮಾತ್ರ ಸ್ವಲ್ಪ ಹೇಳುವುದಿದೆ.

ನಾನು ಮೊದಲ ಸಲ ಕೊಂಡಾಗ ನೋಡಿದ್ದು ಬಣ್ಣ ಒಂದನ್ನೇ. ಕಪ್ಪು ಫ್ರೇಮು, ಕಿತ್ತಳೆ ರಿಮ್ಮು, ಚೈನು ಕೂರುವ ಚಕ್ರಕ್ಕೆ ಮುಂದೆ 48 ಹಲ್ಲು, ಹಿಂದೆ 16, ಟೈರು 23 ಮಿ.ಮೀ. ಬಸವನಗುಡಿಯಿಂದ ರಿಚ್ಮಂಡ್ ಟೌನಿಗೆ ದಿನಾ ಹೋಗಿ ಬರುವುದು. ಮೂರು ತಿಂಗಳಲ್ಲಿ ಮಂಡಿ ನೋವು ಬಂತು, ರಿಮ್ಮು ಎರಡು ಸಲ ಡೊಂಕಾಯಿತು, ಹಿಂದಿನ ಟೈರು ಒಂದೇ ಜಾಗದಲ್ಲಿ ದಾರ ಕಾಣುವಷ್ಟು ಸವೆಯಿತು. ಈ ಮೂರಕ್ಕೂ ಕಾರಣ ಅಂಗಡಿಯಲ್ಲಿ ನಿಂತಾಗಲೇ ಕಣ್ಣೆದುರಿಗಿತ್ತು. ನೋಡಲು ನನಗೆ ಗೊತ್ತಿರಲಿಲ್ಲ, ಅಷ್ಟೇ.

ಮೊದಲು ಅದು ನಿಜವಾಗಿ ಫಿಕ್ಸಿ ಹೌದೋ ಅಲ್ಲವೋ ನೋಡಿ. ಆ ಹೆಸರಲ್ಲಿ ಮಾರುವ ಎಷ್ಟೋ ಸೈಕಲ್‌ಗಳು ಬರೀ ಸಿಂಗಲ್ ಸ್ಪೀಡ್, ಅಂದರೆ ಗೇರು ಒಂದೇ ಆದರೂ ಒಳಗೆ ಫ್ರೀವೀಲ್ ಇರುತ್ತದೆ. ಪರೀಕ್ಷೆ ಸುಲಭ. ಸೈಕಲ್ಲನ್ನು ಮುಂದಕ್ಕೆ ತಳ್ಳಿ. ಪೆಡಲ್ ತಾನಾಗಿಯೇ ಸುತ್ತಿದರೆ ಫಿಕ್ಸಿ, ಸುಮ್ನೆ ನಿಂತಿದ್ದರೆ ಅಲ್ಲ. ಹಿಂದಕ್ಕೆ ತಳ್ಳಿ ನೋಡಬೇಡಿ, ಹಾಗೆ ತಳ್ಳಿದರೆ ಎರಡರಲ್ಲೂ ಪೆಡಲ್ ಸುತ್ತುತ್ತದೆ.

ಆಮೇಲೆ ಹಿಂದಿನ ಹಬ್, ಅಂದರೆ ಚಕ್ರದ ನಡುವಿನ ಗುಂಬವನ್ನು ಬಗ್ಗಿ ನೋಡಿ. ಇಡೀ ಸೈಕಲ್ಲಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ. ಹಿಂದಿನ ಚಿಕ್ಕ ಹಲ್ಲಿನ ಚಕ್ರಕ್ಕೆ ಕಾಗ್ ಅನ್ನುತ್ತಾರೆ, ಅದು ಹಬ್‌ನ ಮರೆಗೆ, ಅಂದರೆ ಸ್ಕ್ರೂವಿನಂಥ ಸುರುಳಿ ಗೆರೆಗೆ, ಸುತ್ತಿ ಕೂರುತ್ತದೆ. ಮುಂದಕ್ಕೆ ತುಳಿದಷ್ಟೂ ಬಿಗಿಯಾಗುತ್ತದೆ. ಆದರೆ ಫಿಕ್ಸಿ ನಿಲ್ಲಿಸಲು ನೀವು ಪೆಡಲ್ಲನ್ನು ಹಿಂದಕ್ಕೆ ಒತ್ತುತ್ತೀರಲ್ಲ, ಆಗ ಅದೇ ಕಾಗ್ ಬಿಚ್ಚಿಕೊಳ್ಳಲು ನೋಡುತ್ತದೆ. ಅದನ್ನು ತಡೆಯಲು ಮೇಲೊಂದು ಲಾಕ್‌ರಿಂಗ್ ಇರಬೇಕು, ಅದರ ಮರೆ ಉಲ್ಟಾ ದಿಕ್ಕಿನದು. ಕೆಲವರು ಮಾಮೂಲಿ ಫ್ರೀವೀಲ್ ಹಬ್‌ಗೇ ಕಾಗ್ ಸುತ್ತಿ, ಅಂಟು ಹಾಕಿ, ಲಾಕ್‌ರಿಂಗ್ ಇಲ್ಲದೆ ಫಿಕ್ಸಿ ಮಾಡಿಬಿಡುತ್ತಾರೆ. ಅದಕ್ಕೆ ಸೂಸೈಡ್ ಹಬ್ ಅಂತಲೇ ಹೆಸರು. ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ನನ್ನ ಕೇಳಿದರೆ ಫ್ಲಿಪ್ ಫ್ಲಾಪ್ ಹಬ್ ಇರುವುದನ್ನೇ ತಗೊಳ್ಳಿ. ಒಂದು ಮಗ್ಗುಲಲ್ಲಿ ಕಾಗ್, ಇನ್ನೊಂದು ಮಗ್ಗುಲಲ್ಲಿ ಫ್ರೀವೀಲ್. ಚಕ್ರ ಬಿಚ್ಚಿ ತಿರುಗಿಸಿ ಹಾಕಿದರೆ ಹತ್ತು ನಿಮಿಷದಲ್ಲಿ ಮಾಮೂಲಿ ಸೈಕಲ್. ಕಾಲು ನೋಯುತ್ತಿರುವ ವಾರ, ಜೋರು ಮಳೆಯ ವಾರ, ಇಲ್ಲಾ ಸೈಕಲ್ಲನ್ನು ತಮ್ಮನಿಗೆ ಕೊಡಬೇಕಾದಾಗ ಇದರ ಬೆಲೆ ಗೊತ್ತಾಗುತ್ತದೆ.

ಇನ್ನು ಗೇರು. ಇಲ್ಲೇ ಜಾಸ್ತಿ ಜನ ಎಡವುವುದು, ನಾನೂ ಸೇರಿ. ಬೆಂಗಳೂರು ಸಮತಟ್ಟು ಅನ್ನುವವರು ಇಲ್ಲಿ ಸೈಕಲ್ ತುಳಿದಿರುವುದಿಲ್ಲ. ಊರು ಕೂತಿರುವುದೇ ದಿಣ್ಣೆಗಳ ಮೇಲೆ, ನಡುವೆ ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಕಣಿವೆಗಳು. ಸ್ಕೂಟರಲ್ಲಿ ಹೋಗುವಾಗ ಗೊತ್ತೇ ಆಗದ ಏರು ಫಿಕ್ಸಿಯಲ್ಲಿ ತೊಡೆಗೆ ಗೊತ್ತಾಗುತ್ತದೆ. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ ನೋಡಿ. ನನ್ನ 48/16 ಅಂದರೆ 3. ಒಂದು ಸುತ್ತು ತುಳಿದರೆ ಸೈಕಲ್ ಆರು ಮೀಟರಿಗೂ ಜಾಸ್ತಿ ಹೋಗುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಪ್ರತಿ ಸಿಗ್ನಲ್ಲಲ್ಲೂ ನಿಂತು ಹೊರಡುವಾಗ ಅಷ್ಟೂ ಭಾರ ಮಂಡಿಯ ಮೇಲೆ. ನಿಲ್ಲಿಸುವಾಗಲೂ ಅಷ್ಟೇ ಭಾರ. ದಿನದ ಓಡಾಟಕ್ಕೆ 2.4ರಿಂದ 2.6ರ ಒಳಗೆ ಇರಲಿ. ನಾನೀಗ ಓಡಿಸುವುದು 42/17, ಅಂದರೆ 2.47. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 19 ಕಿ.ಮೀ. ಚಿಲ್ಲರೆ, 90 ಸುತ್ತು ತುಳಿದರೆ 28ರ ಮೇಲೆ. ಊರೊಳಗೆ ಅದಕ್ಕಿಂತ ಜಾಸ್ತಿ ಹೋಗಲು ಬಿಡುವವರಾದರೂ ಯಾರು?

ಟೈರು ಒಂದೇ ಕಡೆ ಸವೆದದ್ದೂ ಇದೇ ಲೆಕ್ಕದಿಂದ. ಕಾಲು ಬಿಗಿ ಹಿಡಿದು ಹಿಂದಿನ ಚಕ್ರವನ್ನು ಜಾರಿಸುವುದಕ್ಕೆ ಸ್ಕಿಡ್ ಅನ್ನುತ್ತಾರೆ. ನಾವೆಲ್ಲ ಸಾಮಾನ್ಯವಾಗಿ ಒಂದೇ ಕಾಲು ಮುಂದಿಟ್ಟು ಸ್ಕಿಡ್ ಮಾಡುತ್ತೇವೆ. 48/16ರಲ್ಲಿ ಪೆಡಲ್ ಒಂದು ಸುತ್ತು ಬಂದರೆ ಚಕ್ರ ಸರಿಯಾಗಿ ಮೂರು ಸುತ್ತು, ಹಾಗಾಗಿ ಪ್ರತಿ ಸಲವೂ ಟೈರಿನ ಅದೇ ಜಾಗ ನೆಲಕ್ಕೆ ಉಜ್ಜುತ್ತದೆ. 42/17ರಲ್ಲಿ ಆ ಸವೆತ 17 ಜಾಗಕ್ಕೆ ಹಂಚಿಹೋಗುತ್ತದೆ, 44/16ರಲ್ಲಿ 4 ಜಾಗಕ್ಕೆ. ಹಿಂದಿನ ಕಾಗ್ 17 ಹಲ್ಲಿನದಾದರೆ ತಲೆನೋವೇ ಇಲ್ಲ, ಮುಂದಿನದು 34 ಇಲ್ಲಾ 51 ಆಗದಿದ್ದರೆ ಸಾಕು. ಹಲ್ಲು ಎಷ್ಟಿದೆ ಅಂತ ಅಂಗಡಿಯವರನ್ನು ಕೇಳಬೇಡಿ, ನೀವೇ ಎಣಿಸಿ.

ಬ್ರೇಕ್ ವಿಷಯದಲ್ಲಿ ನನ್ನ ಹತ್ತಿರ ಚರ್ಚೆಗೆ ಬರಬೇಡಿ. ಜಪಾನಿನಲ್ಲಿ 1948ರಿಂದ ನಡೆಯುತ್ತಿರುವ ಕೀರಿನ್ ಅನ್ನುವ ಟ್ರ್ಯಾಕ್ ರೇಸಲ್ಲಿ ಬ್ರೇಕ್ ಇಲ್ಲದ ಸೈಕಲ್ ಓಡಿಸುತ್ತಾರೆ, ನಿಜ. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ, ಎದುರಿಗೆ ಆಟೋ ಯೂ ಟರ್ನ್ ತಗೊಳ್ಳುವುದಿಲ್ಲ, ನಾಯಿ ಅಡ್ಡ ಬರುವುದಿಲ್ಲ. ಬ್ರಿಟನ್ನಲ್ಲಿ ರಸ್ತೆಗೆ ಇಳಿಯುವ ಫಿಕ್ಸಿಗೆ ಮುಂದಿನ ಬ್ರೇಕ್ ಕಾನೂನಿನಲ್ಲೇ ಕಡ್ಡಾಯ. ಕಾಲಿನಿಂದ ತಡೆಯುವುದು ಹಿಂದಿನ ಚಕ್ರವನ್ನು ಮಾತ್ರ, ನಿಲ್ಲಿಸುವ ಶಕ್ತಿಯ ಮುಕ್ಕಾಲು ಪಾಲು ಮುಂದಿನ ಚಕ್ರದ್ದು. ಚೈನು ಕಳಚಿದರಂತೂ ಕಾಲಿನ ಬ್ರೇಕೂ ಇಲ್ಲ. ಮುಂದೆ ಬ್ರೇಕ್ ಇರಲೇಬೇಕು. ಫ್ರೀವೀಲ್ ಕಡೆ ತಿರುಗಿಸಿ ಓಡಿಸುವುದಿದ್ದರೆ ಹಿಂದೆಯೂ ಬೇಕು. ಕೆಲವು ಫೋರ್ಕಿಗೆ ಬ್ರೇಕ್ ಕೂರಿಸುವ ತೂತೇ ಇರುವುದಿಲ್ಲ, ಅದನ್ನು ನೋಡಿಕೊಳ್ಳಿ.

ಟೈರು ಕನಿಷ್ಠ 28, ಸಾಧ್ಯವಾದರೆ 32 ಮಿ.ಮೀ. ಹಿಡಿಯುವ ಫ್ರೇಮೇ ಇರಲಿ. ಮಾಮೂಲಿ ಸೈಕಲ್ಲಲ್ಲಿ ಹಂಪ್ ಬಂದಾಗ ಪೆಡಲ್ ಸಮ ಮಾಡಿ ಸೀಟಿನಿಂದ ಎದ್ದುಬಿಡುತ್ತೇವೆ. ಫಿಕ್ಸಿಯಲ್ಲಿ ಕಾಲು ಸುತ್ತುತ್ತಲೇ ಇರುವಾಗ ಹಾಗೆ ನಿಲ್ಲಲು ಆಗುವುದಿಲ್ಲ, ಪೆಟ್ಟೆಲ್ಲ ನೇರ ರಿಮ್ಮಿಗೇ. ನನ್ನ ರಿಮ್ ಡೊಂಕಾದದ್ದು ಹೀಗೆ. ತಿರುವಿನಲ್ಲೂ ಒಳಗಿನ ಪೆಡಲ್ಲನ್ನು ಮೇಲೆ ಹಿಡಿಯಲು ಆಗುವುದಿಲ್ಲ, ಅದು ನೆಲಕ್ಕೆ ತಾಗಿದರೆ ಬಿದ್ದಿರಿ. ಅದಕ್ಕೇ ಕ್ರ್ಯಾಂಕ್, ಅಂದರೆ ಪೆಡಲ್ ಕೂರುವ ತೋಳು, ಗಿಡ್ಡದು, 165 ಮಿ.ಮೀ. ಇದ್ದರೆ ಒಳ್ಳೆಯದು.

ಅಂಗಡಿಯಲ್ಲೇ ಮಾಡಬೇಕಾದ ಇನ್ನೊಂದು ಪರೀಕ್ಷೆ. ಸೀಟಲ್ಲಿ ಕೂತು ಪೆಡಲ್ ಮುಂದಕ್ಕೆ ಬಂದಾಗ ಹ್ಯಾಂಡಲ್ ಪೂರ್ತಿ ತಿರುಗಿಸಿ. ಶೂ ತುದಿ ಮುಂದಿನ ಟೈರಿಗೆ ತಾಗುತ್ತದಾ? ಟ್ರ್ಯಾಕ್ ಫ್ರೇಮುಗಳಲ್ಲಿ ಇದು ಜಾಸ್ತಿ. ಮಡ್‌ಗಾರ್ಡ್ ಹಾಕಿದ ಮೇಲೆ ಇನ್ನೂ ಹತ್ತಿರವಾಗುತ್ತದೆ, ಗಾಡಿಗಳ ಸಂದಿಯಲ್ಲಿ ನಿಧಾನ ತಿರುಗಿಸುವಾಗ ಬೀಳಿಸುತ್ತದೆ. ಮಡ್‌ಗಾರ್ಡ್, ಕ್ಯಾರಿಯರ್ ಹಾಕಲು ತೂತುಗಳಿವೆಯಾ ಅಂತಲೂ ನೋಡಿ. ಜೂನ್ ಬಂದರೆ ಬೆನ್ನ ಮೇಲೆ ಕೆಸರಿನ ಗೆರೆ, ಜೊತೆಗೆ ಊಟದ ಡಬ್ಬಿ ಹೊತ್ತು ಒದ್ದೆಯಾದ ಬ್ಯಾಗು. ಸ್ಟೈಲೆಲ್ಲ ಅಲ್ಲಿಗೆ ಮುಗಿಯುತ್ತದೆ.

ಫ್ರೇಮು ಸ್ಟೀಲೋ ಅಲ್ಯೂಮಿನಿಯಮ್ಮೋ ಅನ್ನುವುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಹ್ಯಾಂಡಲ್ ನಿಮ್ಮಿಷ್ಟ.

ಚೈನನ್ನು ಬಿಗಿ ಮಾಡುವುದು ಹಿಂದಿನ ಚಕ್ರವನ್ನೇ ಹಿಂದಕ್ಕೆ ಎಳೆದು, ಹಾಗಾಗಿ ಚಕ್ರ ಕೂರುವ ಸೀಳು ಅಡ್ಡಡ್ಡ ಇರಬೇಕು. ಚೈನು ನಡುವಿನಲ್ಲಿ ಮೇಲೆ ಕೆಳಗೆ ಒಂದು ಸೆಂಟಿಮೀಟರಿನಷ್ಟು ಆಡಿದರೆ ಸರಿ. ನಟ್ಟು ಬಿಚ್ಚಲು 15ರ ಸ್ಪ್ಯಾನರ್ ಬೇಕು, ಅದು ಯಾವಾಗಲೂ ಬ್ಯಾಗಲ್ಲಿರಲಿ. ಚಕ್ರ ತಿರುಗುತ್ತಿರುವಾಗ ಚೈನನ್ನು ಬಟ್ಟೆಯಿಂದ ಒರೆಸಬೇಡಿ. ಬಟ್ಟೆ ಸಿಕ್ಕಿಕೊಂಡರೆ ಚೈನು ನಿಲ್ಲುವುದಿಲ್ಲ, ಬೆರಳು ಹೋಗುತ್ತದೆ. ಪ್ಯಾಂಟಿನ ಬಲಗಾಲು, ಶೂ ದಾರ, ದುಪಟ್ಟ ಎಲ್ಲಕ್ಕೂ ಇದೇ ಮಾತು.

ಕಾಲಿಗೆ ಪಟ್ಟಿ ಇರುವ ಪೆಡಲ್ ಬೇಕು, ಚಪ್ಪಲಿಯಲ್ಲಿ ಫಿಕ್ಸಿ ಬೇಡ. ಸಿಗ್ನಲ್ಲಲ್ಲಿ ನಿಂತಾಗ ಪೆಡಲ್ಲನ್ನು ಹಿಂದಕ್ಕೆ ಸುತ್ತಿ ಬೇಕಾದ ಜಾಗಕ್ಕೆ ತರಲು ಇದರಲ್ಲಿ ಆಗುವುದಿಲ್ಲ. ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಮುಂದಕ್ಕೆ ಒತ್ತಿ, ಹಿಂದಿನ ಚಕ್ರ ಸ್ವಲ್ಪ ಏಳುತ್ತದೆ, ಆಗ ಕಾಲಿನಿಂದ ಪೆಡಲ್ ಮೇಲೆತ್ತಿಕೊಳ್ಳಿ. ಒಂದು ಭಾನುವಾರ ಖಾಲಿ ಮೈದಾನದಲ್ಲಿ ಇದನ್ನೆಲ್ಲ ಕಲಿತು ಆಮೇಲೆ ರಸ್ತೆಗೆ ಬನ್ನಿ.

ಸೆಕೆಂಡ್ ಹ್ಯಾಂಡ್ ಆದರೆ ದುಡ್ಡು ಕೊಡುವ ಮುಂಚೆ ಇಷ್ಟು ಮಾಡಿ. ಮೊದಲು ನಾಲ್ಕು ಹೆಜ್ಜೆ ಜೋರಾಗಿ ತುಳಿದು ಕಾಗ್ ಬಿಗಿಯಾಗಲು ಬಿಡಿ. ಆಮೇಲೆ ಇಳಿದು, ಹಿಂದಿನ ಚಕ್ರಕ್ಕೆ ಇಟ್ಟಿಗೆ ಕೊಟ್ಟು, ಒಬ್ಬರು ಸೈಕಲ್ ಒತ್ತಿ ಹಿಡಿದಿರಲಿ, ನೀವು ಪೆಡಲ್ಲನ್ನು ಇರುವ ಶಕ್ತಿಯೆಲ್ಲ ಹಾಕಿ ಹಿಂದಕ್ಕೆ ಒತ್ತಿ. ಚೈನಿನ ಸಡಿಲದಷ್ಟು ಮಾತ್ರ ಆಡಬೇಕು. ಅದಕ್ಕಿಂತ ಜಾಸ್ತಿ ಜರುಗಿತು ಅಂದರೆ ಕಾಗ್ ಬಿಚ್ಚಿಕೊಳ್ಳುತ್ತಿದೆ, ಹಬ್‌ನ ಮರೆ ಹೋಗಿರಲೂಬಹುದು. ಸೈಕಲ್ಲನ್ನು ಗೋಡೆಗೆ ಒರಗಿಸಿ ಬಂದುಬಿಡಿ.