ಹದಿನಾರು ಅಧ್ಯಾಯ, ಒಂದು ಡಬರಿ ಉಪ್ಪಿಟ್ಟು

"ಬೈಬಲ್ ಓದಿಸಿದ್ರ ಹುಡುಗ್ರು ಬರ್ತಾರೇನ್ರಿ? ಒಂದು ಕೀಬೋರ್ಡ್ ತರ್ರಿ, ತಾವ ಬರ್ತಾರ." ನಮ್ಮ ಚರ್ಚ್ ಸಭೆಯ ಹಿರಿಯರೊಬ್ಬರು ನನಗೆ ಹೇಳಿದ ಮಾತಿದು. ಈಗ ಅವರ ಮೊಮ್ಮಗಳೇ ಮಕ್ಕಳಿಗಾಗಿ ನಾನು ನಡೆಸುವ ಬೈಬಲ್ ಓದುವ ಕೂಟಕ್ಕೆ ಎಲ್ಲರಿಗಿಂತ ಮೊದಲು ಬರುತ್ತಾಳೆ. ಅದಕ್ಕೇ ಬರೆಯುವ ಧೈರ್ಯ ಬಂತು.

ಹುಬ್ಬಳ್ಳಿಯ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಸುಮಾರು 11 ವರ್ಷದಿಂದ ದೃಢೀಕರಣದ ಕ್ಲಾಸ್, ಅಂದರೆ ಮಕ್ಕಳನ್ನು ಸಭೆಯ ಪೂರ್ಣ ಸದಸ್ಯರಾಗೋಕೆ ಸಿದ್ಧಮಾಡುವ ಪಾಠ, ನನ್ನದು. ಹತ್ತು ಆಜ್ಞೆ, ವಿಶ್ವಾಸಪ್ರಮಾಣ ಮಕ್ಕಳಿಗೆ ಬಾಯಿಪಾಠ. ಇಷ್ಟೆಲ್ಲ ನಂಬೋದು ಯಾಕೆ ಅಂತ ಕೇಳಿದರೆ ಮಾತ್ರ ಒಂದೇ ಉತ್ತರ, "ಸತ್ತ ಮ್ಯಾಲೆ ಪರಲೋಕಕ್ಕ ಹೋಗಾಕ್ರಿ." ಅದೇ ಬಾಯಲ್ಲಿ ಪ್ರತಿ ಭಾನುವಾರ ಯೇಸು ಕಲಿಸಿದ ಪ್ರಾರ್ಥನೆಯಲ್ಲಿ, ದೇವರ ಚಿತ್ತ ‘ಭೂಲೋಕದಲ್ಲಿಯೂ ನೆರವೇರಲಿ’ ಅನ್ನುತ್ತಾರೆ. ಆ ಭೂಲೋಕ ಯಾರ ಕಿವಿಗೂ ಬಿದ್ದಂತಿರಲಿಲ್ಲ.

ಮೊದಲು ಭಕ್ತಿ ಹೊತ್ತಿಸೋಕೆ ಅಂತ ಮೂರು ದಿನದ ಉಜ್ಜೀವನ ಕೂಟ ಮಾಡಿಸಿದೆ. ಶಾಮಿಯಾನ, ಮೈಕು, ಭಾಷಣಕಾರರ ಓಡಾಟ ಸೇರಿ 45 ಸಾವಿರದ ಹತ್ತಿರ ಹೋಯಿತು. ಅದರಲ್ಲಿ 12 ಸಾವಿರ ನನ್ನ ಜೇಬಿನದು, ಮನೆಯಲ್ಲಿ ಇವತ್ತಿಗೂ ಆ ಲೆಕ್ಕ ಹೇಳಿಲ್ಲ. ಮೂರು ದಿನ ಎಲ್ಲರೂ ಅತ್ತರು. ನಾಲ್ಕನೇ ದಿನ ಚೇರು ಎತ್ತಿಡೋಕೆ ಒಬ್ಬರೂ ಬರಲಿಲ್ಲ. ಮುಂದಿನ ವರ್ಷ ಕಂಠಪಾಠ ಸ್ಪರ್ಧೆ, ಬಹುಮಾನಕ್ಕೆ ಸ್ಟೀಲ್ ಡಬ್ಬಿ. ಗೆದ್ದ ಹುಡುಗ ನೂರು ವಚನ ಹೇಳಿದ. ಅವನ ಅಜ್ಜಿ ಅದೇ ವಾರ ಆಸ್ಪತ್ರೆಯಲ್ಲಿದ್ದರು. ಒಂದು ಸಲವೂ ನೋಡೋಕೆ ಹೋಗಿರಲಿಲ್ಲ.

ಆಮೇಲೆ ಎಲ್ಲ ಬಿಟ್ಟು ಬೈಬಲ್‌ನಲ್ಲಿ ಯೇಸುವಿನ ಕಥೆ ಹೇಳುವ ಮಾರ್ಕನ ಸುವಾರ್ತೆ ಒಂದನ್ನೇ ಹಿಡಿದೆ. 16 ಅಧ್ಯಾಯ, 16 ವಾರ. ನಾನು ವಿವರಣೆ ಕೊಡುವಂತಿಲ್ಲ, ಅವರೇ ಜೋರಾಗಿ ಓದಬೇಕು. ನನಗೆ ಬಾಯಿ ಮುಚ್ಚಿಕೊಂಡು ಕೂರೋದೇ ಕಷ್ಟವಾಯಿತು. 14 ಮಕ್ಕಳಿಂದ ಶುರುವಾಗಿ, ಐದನೇ ವಾರಕ್ಕೆ ಐವರು ಉಳಿದರು. ಹಿರಿಯರು ಮತ್ತೆ ಕೀಬೋರ್ಡ್ ನೆನಪಿಸಿದರು.

ದಾರಿ ತೆರೆದದ್ದು 10ನೇ ಅಧ್ಯಾಯದಲ್ಲಿ. ಶಿಷ್ಯರಾದ ಯಾಕೋಬ, ಯೋಹಾನರು ಬಂದು ನಮಗೊಂದು ಆಗಬೇಕು ಅಂದಾಗ ಯೇಸು ಕೇಳೋದು, ‘ನಾನು ನಿಮಗೆ ಏನು ಮಾಡಬೇಕು?’ ಅವರಿಗೆ ಬೇಕಾದದ್ದು ಯೇಸುವಿನ ಎಡಗಡೆ ಬಲಗಡೆ ಕೂರುವ ಜಾಗ. ಸ್ವಲ್ಪ ಕೆಳಗೆ, ಯೆರಿಕೋ ಊರಾಚೆ, ಕುರುಡ ಬಾರ್ತಿಮಾಯನಿಗೂ ಅದೇ ಪ್ರಶ್ನೆ. ಅವನಿಗೆ ಕಣ್ಣು ಬೇಕು. ಸಿಕ್ಕ ಮೇಲೆ ಮನೆಗೆ ಹೋಗಲಿಲ್ಲ, ಯೇಸುವಿನ ಹಿಂದೆಯೇ ನಡೆದ. ಇವೆರಡರ ನಡುವೆಯೇ, ನಾನು ಸೇವೆ ಮಾಡಿಸಿಕೊಳ್ಳೋಕೆ ಬಂದವನಲ್ಲ ಅನ್ನುವ ಮಾತು ಬರುತ್ತದೆ. ಒಬ್ಬ ಹುಡುಗಿ ಎರಡೂ ಕಡೆ ಬೆರಳಿಟ್ಟು, "ಸರ್, ಎರಡೂ ಕಡೆ ಅದ ಪ್ರಶ್ನಿ ಐತ್ರಿ" ಅಂದಳು. ಪಕ್ಕದವಳು ಮೆಲ್ಲಗೆ, "ನಮ್ಮನ್ಯಾಗ ಪ್ರಾರ್ಥನಾ ಎಲ್ಲಾ ಕುರ್ಚಿ ಕೇಳೂದ ಐತ್ರಿ" ಅಂದಳು. 11 ವರ್ಷದಲ್ಲಿ ನಾನು ಅಷ್ಟು ಚೆನ್ನಾಗಿ ಹೇಳಿದ್ದಿಲ್ಲ.

ಮುಂದಿನ ಶನಿವಾರ ಆ ಐವರೇ ಉಪ್ಪಿಟ್ಟು ಮಾಡಿಕೊಂಡು ಆಸ್ಪತ್ರೆಯ ಹೊರಗೆ ಮಲಗುವ ರೋಗಿಗಳ ಕಡೆಯವರಿಗೆ ಕೊಟ್ಟರು. 4 ಕೆಜಿ ರವೆ, 50 ಜನ, ಗ್ಯಾಸು ಸೇರಿ 700-800 ರೂಪಾಯಿ. ಮೊದಲ ಸಲ ನಾನು ದಡ್ಡತನ ಮಾಡಿದೆ, ತಟ್ಟೆ ಜೊತೆ ಕರಪತ್ರವನ್ನೂ ಇಟ್ಟೆ. ಒಬ್ಬ ಅಜ್ಜ ತಟ್ಟೆ ವಾಪಸ್ ಹಿಡಿದು, "ಯಪ್ಪಾ, ಇದನ್ನ ತಿಂದ್ರ ನಿಮ್ಮ ಮತಕ್ಕ ಸೇರ್ಬೇಕೇನು?" ಅಂದ. ಅವತ್ತೇ ಕರಪತ್ರದ ಕಟ್ಟು ಒಲೆ ಹಚ್ಚೋಕೆ ಹೋಯಿತು. ಈಗ ಉಪ್ಪಿಟ್ಟು ಮಾತ್ರ.

ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆ. ತುಂಬಾ ಹಳೆಯ ಕೆಲವು ಹಸ್ತಪ್ರತಿಗಳಲ್ಲಿ ಮಾರ್ಕ 16ನೇ ಅಧ್ಯಾಯದ 8ನೇ ವಚನಕ್ಕೇ ಮುಗಿಯುತ್ತದೆ. ಯೇಸುವಿನ ಖಾಲಿ ಸಮಾಧಿ ಕಂಡ ಹೆಂಗಸರು ಹೆದರಿ ಯಾರಿಗೂ ಹೇಳಲಿಲ್ಲ, ಅಷ್ಟೇ. ಅಲ್ಲಿಗೇ ನಿಲ್ಲಿಸಿ ಮಕ್ಕಳನ್ನು ಮನೆಗೆ ಕಳಿಸಿದೆ. ರಾತ್ರಿ ಹತ್ತೂವರೆಗೆ ಒಬ್ಬ ತಾಯಿಯ ಫೋನು. "ಯಾರಿಗೂ ಹೇಳ್ಲಿಲ್ಲ ಅಂದ್ರ ನಮಗ ಹೆಂಗ ಗೊತ್ತಾತು ಅಂತ ಕೇಳಾಕತ್ಯಾನ್ರಿ, ಮಲಗವಲ್ಲ." ನನಗೆ ಖುಷಿಯೋ ಖುಷಿ.

ಈಗ 20-22 ಮಕ್ಕಳು ಬರುತ್ತಾರೆ. ಯಾರ ಜೊತೆ ಯಾರನ್ನು ಓದೋಕೆ ಕೂರಿಸುತ್ತೇನೆ ಅನ್ನೋದರಲ್ಲೇ ಅರ್ಧ ಕೆಲಸವಿದೆ. ಅದನ್ನು ಹೇಳುವುದಿಲ್ಲ, ನೀವೇ ನಿಮ್ಮ ಸಭೆಯಲ್ಲಿ ಎಡವಿ ಕಲಿಯಿರಿ. ಮುಂದಿನ ಲೆಂಟ್‌ಗೆ, ಅಂದರೆ ಈಸ್ಟರ್ ಮುಂಚಿನ ಉಪವಾಸದ ದಿನಗಳಿಗೆ, ಲೂಕನ ಸುವಾರ್ತೆ ಹಿಡಿಯಬೇಕು, 24 ಅಧ್ಯಾಯ, ಸ್ವಲ್ಪ ಭಯವಿದೆ. ಹಿರಿಯರು ತಿಂಗಳಿಗೆ 10 ಕೆಜಿ ರವೆ ಕಳಿಸುತ್ತಾರೆ. ಚೀಲದ ಜೊತೆ ಪ್ರತಿ ಸಲ ಒಂದೇ ಪ್ರಶ್ನೆ, "ಕೀಬೋರ್ಡ್ ಯಾವಾಗ್ರಿ?"